ಅಟ್ಟದಲ್ಲಿ ಉಳಿದ ಕಂಪ್ಯೂಟರ್ ಪತ್ರಿಕೆಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೊಲ್ಲಿಯಲ್ಲಿ ಉದ್ಯೋಗದಲ್ಲಿದ್ದ ನನ್ನ ಸೋದರಮಾವ 1980ರ ದಶಕದಲ್ಲಿ ಊರಿಗೆ ಬರುವಾಗಲೆಲ್ಲ ತರುತ್ತಿದ್ದ ಇಂಗ್ಲಿಷ್ ಕಂಪ್ಯೂಟರ್ ಮತ್ತು ವಿಡಿಯೊ ಗೇಮ್ ಪತ್ರಿಕೆಗಳು ನಮ್ಮ ಅಟ್ಟದಲ್ಲಿವೆ. ಕೆಲವು ಸಂಚಿಕೆಗಳಲ್ಲಿ ಪುಟಗಟ್ಟಲೆ ಬರೀ ಅಂಕಿಗಳಿವೆ. ಅವೇನು? ಗುಜರಿಗೆ ಕೊಟ್ಟರೆ ನಷ್ಟವಿದೆಯೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ದಯವಿಟ್ಟು ಕೊಡಬೇಡಿ. ನೀವು ಕಂಡ ಆ ಅಂಕಿಗಳ ಸಾಲುಗಳಲ್ಲೇ ಆಟವಿದೆ. ಪ್ರೋಗ್ರಾಂ ಪೂರ್ತಿಯಾಗಿ ಅಲ್ಲಿ ಅಚ್ಚಾಗಿದೆ. ಆ ಕಾಲದ ಮನೆ ಕಂಪ್ಯೂಟರುಗಳ ಮೆಮೊರಿ ಬಹಳ ಕಿರಿದು. 1982ರಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ 16 ಅಥವಾ 48 ಕಿಲೋಬೈಟ್, ಅದೇ ವರ್ಷದ ಕಮೊಡೋರ್ 64ಕ್ಕೆ 64 ಕಿಲೋಬೈಟ್. ಅಷ್ಟರೊಳಗೆ ಹಿಡಿಸುವ ಸಣ್ಣ ಆಟವೊಂದನ್ನು ಎರಡು ಮೂರು ಪುಟಗಳಲ್ಲಿ ಮುದ್ರಿಸಬಹುದಾಗಿದ್ದುದರಿಂದ, ಓದುಗರು ಅದನ್ನು ಸಾಲುಸಾಲಾಗಿ ಟೈಪ್ ಮಾಡಿ, ಕ್ಯಾಸೆಟ್‌ನಲ್ಲಿ ಉಳಿಸಿಕೊಂಡು ಆಡುತ್ತಿದ್ದರು. ಸುಲಭವಾಗಿ ಓದಿಸಿಕೊಳ್ಳುವ ಭಾಗ ಬೇಸಿಕ್ ಭಾಷೆಯಲ್ಲಿರುತ್ತಿತ್ತು. ವೇಗ ಬೇಕಾದ ಕಡೆ ಯಂತ್ರಭಾಷೆಯನ್ನು ಅಂಕಿಗಳ ರೂಪದಲ್ಲಿ ಕೊಡುತ್ತಿದ್ದರು.

ಒಂದು ತುಣುಕನ್ನು ನೋಡೋಣ. ಕಮೊಡೋರ್ 64ರ ಪ್ರೋಗ್ರಾಮಿನಲ್ಲಿ ‘ಡೇಟಾ’ ಎಂಬ ಪದದ ಮುಂದೆ 169, 0, 141, 32, 208, 96 ಎಂದು ಅಚ್ಚಾಗಿದೆ ಎಂದಿಟ್ಟುಕೊಳ್ಳಿ. ಮೊದಲ ಎರಡು ಅಂಕಿಗಳು ಸೊನ್ನೆಯನ್ನು ಪ್ರೊಸೆಸರಿಗೆ ಎತ್ತಿಕೊಡುತ್ತವೆ. ಮುಂದಿನ ಮೂರು, ಆ ಸೊನ್ನೆಯನ್ನು ಒಂದು ವಿಳಾಸದಲ್ಲಿ ಇರಿಸಲು ಹೇಳುತ್ತವೆ. 208ನ್ನು 256ರಿಂದ ಗುಣಿಸಿ 32 ಕೂಡಿಸಿದರೆ ಬರುವ 53280 ಆ ವಿಳಾಸ. ಅದು ಪರದೆಯ ಅಂಚಿನ ಬಣ್ಣಕ್ಕೆ ಸಂಬಂಧಿಸಿದ್ದು, ಸೊನ್ನೆ ಎಂದರೆ ಕಪ್ಪು, ಆದ್ದರಿಂದ ಅಂಚು ಕಪ್ಪಾಗುತ್ತದೆ. ಕೊನೆಯ 96 ಎಂಬುದು ಹಿಂದಿರುಗುವ ಆಜ್ಞೆ. ಟೈಪ್ ಮಾಡುವಾಗ 32ರ ಬದಲು 33 ಎಂದು ಒತ್ತಿದರೆ ಅಂಚು ಹಾಗೆಯೇ ಉಳಿದು ನಡುವಿನ ಹಿನ್ನೆಲೆ ಕಪ್ಪಾಗುತ್ತದೆ. ಇದು ಆರು ಅಂಕಿಗಳ ಮಾತು. ಸಾವಿರಾರು ಅಂಕಿಗಳ ಆಟದಲ್ಲಿ ಒಂದು ತಪ್ಪಿದರೂ ಯಂತ್ರ ಸ್ತಬ್ಧವಾಗಬಹುದಿತ್ತು. 1979ರಲ್ಲಿ ಆರಂಭವಾದ ಅಮೆರಿಕದ ‘ಕಂಪ್ಯೂಟ್’ ಪತ್ರಿಕೆ ಟೈಪ್ ಮಾಡಿದ ಸಾಲನ್ನು ಪರೀಕ್ಷಿಸುವ ಪುಟ್ಟ ಪ್ರೋಗ್ರಾಮುಗಳನ್ನೇ ಪ್ರಕಟಿಸಿದ್ದು ಈ ಕಾರಣದಿಂದ. ಅಚ್ಚಿನ ತಪ್ಪುಗಳಿಗೆ ತಿದ್ದುಪಡಿ ಮುಂದಿನ ಸಂಚಿಕೆಗಳಲ್ಲಿ ಬರುತ್ತಿತ್ತಾದ್ದರಿಂದ ನಿಮ್ಮಲ್ಲಿರುವ ಸಂಚಿಕೆಗಳನ್ನು ತಿಂಗಳ ಕ್ರಮದಲ್ಲೇ ಕಟ್ಟಿಡಿ.

ಇಂಥ ಪತ್ರಿಕೆಗಳಲ್ಲಿ ಹಳೆಯದೊಂದು, 1974ರಲ್ಲಿ ಡೇವಿಡ್ ಆಲ್ ಆರಂಭಿಸಿದ ‘ಕ್ರಿಯೇಟಿವ್ ಕಂಪ್ಯೂಟಿಂಗ್’. 1975ರ ಸೆಪ್ಟೆಂಬರಿನಲ್ಲಿ ‘ಬೈಟ್’ ಬಂತು. ಆಟಗಳನ್ನೇ ಮುಖ್ಯವಾಗಿಟ್ಟುಕೊಂಡ ‘ಕಂಪ್ಯೂಟರ್ ಅಂಡ್ ವಿಡಿಯೊ ಗೇಮ್ಸ್’ 1981ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ಹೊರಬಂದರೆ, ಅದೇ ಚಳಿಗಾಲದಲ್ಲಿ ಅಮೆರಿಕದಲ್ಲಿ ‘ಎಲೆಕ್ಟ್ರಾನಿಕ್ ಗೇಮ್ಸ್’ ಹುಟ್ಟಿತು. ಲಂಡನ್ನಿನಿಂದ ದೂರದ ಲಡ್‌ಲೋ ಎಂಬ ಸಣ್ಣ ಪೇಟೆಯಿಂದ 1984ರಲ್ಲಿ ‘ಕ್ರ್ಯಾಶ್’, ಮರುವರ್ಷ ‘ಝ್ಯಾಪ್ 64’ ಹೊರಟು ದೇಶವಿಡೀ ಓದುಗರನ್ನು ಗಳಿಸಿದವು. ಗಡಿನಾಡಿನಲ್ಲಿ ಕುಳಿತು ಪತ್ರಿಕೆ ಮಾಡುವ ನಮಗೆ ಇದು ಬಹಳ ಹಿಡಿಸುವ ಸಂಗತಿ.

ಆಟಗಳ ವಿಮರ್ಶೆಗಿಂತ ಜಾಹೀರಾತು ಮತ್ತು ಓದುಗರ ಪತ್ರಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಯಾವ ಯಂತ್ರಕ್ಕೆ ಎಷ್ಟು ಬೆಲೆಯಿತ್ತು, ಅಂಚೆಯಲ್ಲಿ ಆಟ ಮಾರುತ್ತಿದ್ದವರು ಯಾರು, ಜನ ಎಲ್ಲಿ ತೊಡಕಿಗೆ ಸಿಲುಕುತ್ತಿದ್ದರು ಎಂಬುದೆಲ್ಲ ದಾಖಲಾಗಿರುವುದು ಆ ಪುಟಗಳಲ್ಲಿಯೇ.

ಪ್ರಶ್ನೆ: ಭಾರತದಲ್ಲಿ ಇಂಥ ಪತ್ರಿಕೆಗಳು ಇರಲಿಲ್ಲವೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಇದ್ದವು, ಆದರೆ ಅವುಗಳ ಗಮನವೆಲ್ಲ ಉದ್ಯಮ ಮತ್ತು ಕಚೇರಿಯ ಕಡೆಗಿತ್ತು. ‘ಡೇಟಾಕ್ವೆಸ್ಟ್’ 1982ರಲ್ಲಿ, ‘ಪಿಸಿ ಕ್ವೆಸ್ಟ್’ 1987ರಲ್ಲಿ ಆರಂಭವಾದವು. ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಕೊಟ್ಟ ಕೇಂದ್ರ ಸರಕಾರದ ‘ಕ್ಲಾಸ್’ ಯೋಜನೆ 1984ರದು. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಆಗ ಬಹಳ ವಿರಳ. 1990ರ ದಶಕದಲ್ಲಿ ‘ಪಿಸಿ ಕ್ವೆಸ್ಟ್’ ಜೊತೆಗೆ ಲಿನಕ್ಸ್ ಸಿಡಿ ಬಂದಾಗ, ದೂರವಾಣಿ ತಂತಿಯ ಮೂಲಕ ಅಷ್ಟು ದೊಡ್ಡ ತಂತ್ರಾಂಶವನ್ನು ಇಳಿಸಿಕೊಳ್ಳಲಾಗದ ಊರುಗಳಿಗೂ ಅದು ಅಂಚೆಯಲ್ಲೇ ತಲುಪಿತು. ಆ ಸಿಡಿಗಳು ನಿಮ್ಮಲ್ಲಿದ್ದರೆ ಅವನ್ನೂ ಪತ್ರಿಕೆಯಷ್ಟೇ ಜತನದಿಂದ ಇಡಬೇಕು.

ಪ್ರಶ್ನೆ: ನಮ್ಮ ಕಡೆಯ ಮಳೆಗಾಲದಲ್ಲಿ ಇವನ್ನೆಲ್ಲ ಉಳಿಸುವುದು ಹೇಗೆ?
– ಓದುಗರೊಬ್ಬರು, ಪೆರ್ಲ

ಉತ್ತರ: ಹೊಳಪು ಕಾಗದದ ಪುಟಗಳು ಒದ್ದೆಯಾಗಿ ಒಣಗಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ಬಿಡಿಸಲು ಹೋದರೆ ಅಕ್ಷರವೇ ಕಿತ್ತುಬರುತ್ತದೆ. ಆದ್ದರಿಂದ ಆಟಿ ತಿಂಗಳು ಬರುವ ಮೊದಲೇ ಅಟ್ಟದಿಂದ ಕೆಳಗಿಳಿಸಿ, ಗೋಡೆಗೆ ತಾಗದ ಕಪಾಟಿನಲ್ಲಿ ಗಾಳಿಯಾಡುವಂತೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಒಳಗಿನ ತೇವ ಅಲ್ಲೇ ಉಳಿದು ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹರವಿದರೆ ಬಣ್ಣ ಮಾಸುತ್ತದೆ, ನ್ಯೂಸ್‌ಪ್ರಿಂಟ್ ಮಾದರಿಯ ಕಾಗದವಂತೂ ಅದರೊಳಗಿನ ಲಿಗ್ನಿನ್‌ನಿಂದಾಗಿ ಬೇಗ ಹಳದಿಗಟ್ಟುತ್ತದೆ. ತುಕ್ಕು ಹಿಡಿದ ಪಿನ್ನುಗಳನ್ನು ಮೆಲ್ಲಗೆ ಬಿಡಿಸಿ ತೆಗೆಯಿರಿ. ಲ್ಯಾಮಿನೇಶನ್ ಮಾತ್ರ ಬೇಡವೇ ಬೇಡ. ಮಾಡಿದ ಮೇಲೆ ಕಾಗದಕ್ಕೆ ಹಾನಿಯಾಗದಂತೆ ಅದನ್ನು ತೆಗೆಯುವ ದಾರಿಯಿಲ್ಲ.

ಸ್ಕ್ಯಾನ್ ಮಾಡುವುದಾದರೆ ಅಂಕಿಗಳ ಪುಟಗಳಿಗೆ 600 ಡಿಪಿಐ ಇಡಿ, ಏಕೆಂದರೆ ಸಣ್ಣ ಅಚ್ಚಿನಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ. ಪತ್ರಿಕೆಯೊಂದಿಗೆ ಬಂದ ಕ್ಯಾಸೆಟ್ ಇದ್ದರೆ ಅದರ ಧ್ವನಿಯನ್ನು ವೇವ್ ಕಡತವಾಗಿ ದಾಖಲಿಸಿಕೊಳ್ಳಿ; ಎಂಪಿ3 ಸಂಕುಚನದಲ್ಲಿ ಪ್ರೋಗ್ರಾಮಿನ ಸಂಕೇತಗಳು ಕೆಡುವ ಅಪಾಯವಿದೆ. ಎಲ್ಲಕ್ಕಿಂತ ಮೊದಲು ಇಂಟರ್ನೆಟ್ ಆರ್ಕೈವ್‌ನಲ್ಲಿಯೂ, 2025ರ ಜನವರಿಯಲ್ಲಿ ತೆರೆದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ನಿನ ಡಿಜಿಟಲ್ ಗ್ರಂಥಾಲಯದಲ್ಲಿಯೂ ನಿಮ್ಮ ಸಂಚಿಕೆಗಳು ಇವೆಯೇ ಎಂದು ಹುಡುಕಿ. ಅಲ್ಲಿ ಇಲ್ಲದ ಸಂಚಿಕೆ ನಿಮ್ಮಲ್ಲಿದ್ದರೆ ಅದರಿಂದಲೇ ಕೆಲಸ ಆರಂಭಿಸಿ. ಇದ್ದರೂ ಪುಟಗಳನ್ನು ಹೋಲಿಸಿ ನೋಡಿ, ಏಕೆಂದರೆ ಅಲ್ಲಿನ ಪ್ರತಿಯಲ್ಲಿ ಯಾರೋ ಕತ್ತರಿಸಿಕೊಂಡ ಕೂಪನ್ನಿನ ಪುಟ ನಿಮ್ಮ ಪ್ರತಿಯಲ್ಲಿ ಇಡಿಯಾಗಿ ಉಳಿದಿರಬಹುದು.