ಇಟಲಿಯ ಟ್ಯೂರಿನ್ ನಗರದ ಫುಟ್‌ಬಾಲ್ ಕ್ಲಬ್ ಟೊರಿನೊ 1976ರ ನಂತರ ಲೀಗ್ ಗೆದ್ದಿಲ್ಲ. ಆದರೂ ಅದರ ಅಭಿಮಾನಿಗಳು ಅದೇ ಊರಿನ ಇನ್ನೊಂದು ಕ್ಲಬ್ ಜುವೆಂಟಸ್ ಕಡೆ ಏಕೆ ಹೋಗುವುದಿಲ್ಲ?

ಓದಿಗಾಗಿ ಎರಡು ವರ್ಷ ಟ್ಯೂರಿನ್‌ನಲ್ಲಿದ್ದೆ. ನೀವು ಕೇಳಿದ ಪ್ರಶ್ನೆಯನ್ನೇ ನನ್ನ ಮನೆ ಮಾಲೀಕರಿಗೆ ಕೇಳಿದ್ದೆ. ಎಂಬತ್ತರ ಹತ್ತಿರದ ಮನುಷ್ಯ. ಉತ್ತರವೆಂದು ಏನೂ ಹೇಳಲಿಲ್ಲ. ಕಾಫಿ ಬಟ್ಟಲನ್ನು ಕೆಳಗಿಟ್ಟು ಹನ್ನೊಂದು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು: ಬಾಚಿಗಲುಪೊ, ಬಲ್ಲಾರಿನ್, ಮರೋಸೊ, ಗ್ರೆಜಾರ್, ರಿಗಮೋಂತಿ, ಕಾಸ್ತಿಲ್ಯಾನೊ, ಮೆಂತಿ, ಲೋಯಿಕ್, ಗಬೆತ್ತೊ, ಮಝೋಲಾ, ಓಸ್ಸೊಲಾ. ನಮ್ಮಲ್ಲಿ ಮಕ್ಕಳು ಮಗ್ಗಿ ಒಪ್ಪಿಸುತ್ತಾರಲ್ಲ, ಅದೇ ಧಾಟಿ. ಗೋಲ್‌ಕೀಪರ್‌ನಿಂದ ಶುರುವಾಗಿ ಎಡ ಅಂಚಿನ ಆಟಗಾರನಲ್ಲಿ ಮುಗಿಯುವ ಈ ಸಾಲು ಬಾಯಿಗೆ ಬಾರದ ಟೊರಿನೊ ಅಭಿಮಾನಿ ನನಗೆ ಆ ಊರಿನಲ್ಲಿ ಸಿಗಲಿಲ್ಲ.

ಮೊದಲು ಜುವೆಂಟಸ್ ವಿಷಯ. ಇವೆರಡು ಬರೀ ಎದುರಾಳಿಗಳಲ್ಲ, ದಾಯಾದಿಗಳು. ಜುವೆಂಟಸ್ಸಿನ ಅಧ್ಯಕ್ಷನಾಗಿದ್ದ ಆಲ್ಫ್ರೆಡ್ ಡಿಕ್ ಎಂಬ ಸ್ವಿಸ್ ಉದ್ಯಮಿ ಅಲ್ಲಿ ಜಗಳವಾಡಿಕೊಂಡು ಹೊರಬಂದ; 1906ರ ಡಿಸೆಂಬರ್ 3ರಂದು ಪಿಯೆತ್ರೊ ಮಿಕ್ಕಾ ಬೀದಿಯ ಬಿಯರ್ ಅಂಗಡಿಯೊಂದರಲ್ಲಿ ತನ್ನ ಜೊತೆ ಬಂದವರನ್ನೂ ಹಳೆಯ ಟೊರಿನೀಸ್ ಕ್ಲಬ್ಬಿನವರನ್ನೂ ಕೂಡಿಸಿ ಟೊರಿನೊ ಕಟ್ಟಿದ. ಮರುವರ್ಷ ಜನವರಿ 13ರಂದು ನಡೆದ ಮೊದಲ ಡರ್ಬಿಯಲ್ಲಿ, ಅಂದರೆ ಒಂದೇ ಊರಿನ ಈ ಎರಡು ತಂಡಗಳ ಪಂದ್ಯದಲ್ಲಿ, ಟೊರಿನೊ 2-1ರಿಂದ ಗೆದ್ದಿತು. ಆ ಹೊತ್ತಿನಲ್ಲಿ ಡಿಕ್‌ನನ್ನು ಯಾರೋ ಕೋಣೆಯೊಳಗೆ ಕೂಡಿಹಾಕಿ ಬೀಗ ಜಡಿದಿದ್ದರು, ಗೆಲುವನ್ನು ಅವನು ಗೋಡೆಯಾಚೆಯ ಕೂಗಿನಿಂದ ಊಹಿಸಬೇಕಾಯಿತು ಎಂದು ಕಥೆ ಹೇಳುತ್ತಾರೆ. ನಿಜವೋ ಸುಳ್ಳೋ, ಮನೆ ಒಡೆದು ಹೊರಬಂದವರು ಮತ್ತೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ. ನಮ್ಮ ಮಾಲೀಕರು ಜುವೆಂಟಸ್ ಎಂಬ ಹೆಸರನ್ನೇ ಎತ್ತುತ್ತಿರಲಿಲ್ಲ. ‘ಗೋಬ್ಬಿ’ ಎನ್ನುತ್ತಿದ್ದರು, ಅಂದರೆ ಗೂನುಬೆನ್ನಿನವರು.

ಅಂಗಿಯ ಬಣ್ಣ ಗ್ರನಾತ, ನಮ್ಮ ದಾಳಿಂಬೆಯ ಕಡುಗೆಂಪು. ಅದೇ ಬಣ್ಣ ಏಕೆ ಎಂಬುದಕ್ಕೆ ನಾಲ್ಕಾರು ಕಥೆಗಳಿವೆ. ನನಗೆ ಹಿಡಿಸಿದ್ದು 1706ರದು. ಫ್ರೆಂಚರು ಟ್ಯೂರಿನ್ನಿಗೆ ಹಾಕಿದ್ದ ಮುತ್ತಿಗೆ ಮುರಿದಾಗ ಗೆಲುವಿನ ಸುದ್ದಿ ತಂದ ದೂತನ ಕೊರಳವಸ್ತ್ರ ರಕ್ತದಲ್ಲಿ ತೊಯ್ದಿತ್ತಂತೆ. ಅವನ ನೆನಪಿಗೆ ಅಲ್ಲಿ ಆಳುತ್ತಿದ್ದ ಸವೋಯ್ ವಂಶದ ಪಡೆ ಕೆಂಪು ವಸ್ತ್ರ ಕಟ್ಟಿಕೊಂಡಿತು, ಇನ್ನೂರು ವರ್ಷದ ನಂತರ ಕ್ಲಬ್ ಅದನ್ನು ಎತ್ತಿಕೊಂಡಿತು. ಅದೇ ಮುತ್ತಿಗೆಯ ಹರಕೆ ತೀರಿಸಲು ದೊರೆ ಊರಾಚೆಯ ಬೆಟ್ಟದ ಮೇಲೆ ಒಂದು ಚರ್ಚು ಕಟ್ಟಿಸಿದ. ಬೆಟ್ಟದ ಹೆಸರು ಸುಪೆರ್ಗಾ. ಅಲ್ಲಿಗೆ ಆಮೇಲೆ ಬರುತ್ತೇನೆ.

ಟೊರಿನೊದವರು ಸಂತರೇನಲ್ಲ. 1927ರಲ್ಲಿ ಗೆದ್ದ ಮೊದಲ ಪ್ರಶಸ್ತಿಯನ್ನು ಅವರಿಂದ ಕಿತ್ತುಕೊಳ್ಳಲಾಯಿತು. ಡರ್ಬಿಗೆ ಮುಂಚೆ ಜುವೆಂಟಸ್ಸಿನ ರಕ್ಷಣಾ ಆಟಗಾರನೊಬ್ಬನಿಗೆ ಹಣ ಕೊಟ್ಟರೆಂಬ ಆರೋಪ ಅದಕ್ಕೆ ಕಾರಣ. ಅಭಿಮಾನಿಗಳು ಇವತ್ತಿಗೂ ಆ ವರ್ಷ ತಮ್ಮದೇ ಎಂದು ವಾದಿಸುತ್ತಾರೆ. ಮರುವರ್ಷ ಮತ್ತೆ ಗೆದ್ದರು, ಈ ಬಾರಿ ಯಾರೂ ಕಿತ್ತುಕೊಳ್ಳಲಿಲ್ಲ.

ಇನ್ನು ಆ ಹನ್ನೊಂದು ಹೆಸರು. 1939ರಲ್ಲಿ ಅಧ್ಯಕ್ಷನಾದ ಫೆರುಚ್ಚೊ ನೋವೊ ಹುಡುಕಿ ಹುಡುಕಿ ತಂಡ ಕಟ್ಟಿದ. 1942ರಲ್ಲಿ ವೆನೆಜಿಯಾದಿಂದ ಮಝೋಲಾ ಮತ್ತು ಲೋಯಿಕ್ ಜೋಡಿಯನ್ನು ತಂದ. ಅವನ ಬೆನ್ನಿಗಿದ್ದ ತಲೆ ಎರ್ನೊ ಎರ್ಬ್‌ಸ್ಟೈನ್, ಹಂಗೇರಿಯ ಯಹೂದಿ. ಮುಸೊಲಿನಿಯ ಜನಾಂಗ ಕಾನೂನಿನಿಂದಾಗಿ ಇಟಲಿ ಬಿಟ್ಟು ಹೋಗಿ, ಬುಡಾಪೆಸ್ಟಿನ ಕೂಲಿ ಶಿಬಿರದಿಂದ ತಪ್ಪಿಸಿಕೊಂಡು ಬದುಕುಳಿದು, ಯುದ್ಧ ಮುಗಿದ ಮೇಲೆ ಟೊರಿನೊಗೇ ವಾಪಸು ಬಂದ ಮನುಷ್ಯ. ಯುದ್ಧದಿಂದಾಗಿ ಲೀಗ್ ನಿಂತಿದ್ದನ್ನು ಬಿಟ್ಟರೆ, 1943ರಿಂದ 1949ರವರೆಗೆ ಸತತ ಐದು ಪ್ರಶಸ್ತಿ. 1947-48ರಲ್ಲಿ 40 ಪಂದ್ಯಗಳಲ್ಲಿ 125 ಗೋಲು. 1947ರ ಮೇ ತಿಂಗಳಲ್ಲಿ ಹಂಗೇರಿಯ ಎದುರು ಇಟಲಿ ಕಣಕ್ಕಿಳಿಸಿದ ಹನ್ನೊಂದರಲ್ಲಿ ಹತ್ತು ಮಂದಿ ಟೊರಿನೊದವರು. ಉಳಿದ ಗೋಲ್‌ಕೀಪರ್ ಮಾತ್ರ ಜುವೆಂಟಸ್ಸಿನವನು.

ಅಂಕಿಗಳಿಗಿಂತ ನನಗೆ ಇಷ್ಟವಾದದ್ದು ತುತ್ತೂರಿಯ ಕಥೆ. ಫಿಲದೆಲ್ಫಿಯಾ ಎಂಬ ಆ ಹಳೆಯ ಮೈದಾನದಲ್ಲಿ ಪ್ರೇಕ್ಷಕರು ಗೆರೆಗೆ ತಾಗಿದಂತೆಯೇ ನಿಲ್ಲುತ್ತಿದ್ದರು. ತಂಡ ತೂಕಡಿಸುತ್ತಿದೆ ಎನಿಸಿದಾಗ ಬೊಲ್ಮಿದಾ ಎಂಬ ರೈಲ್ವೆ ನೌಕರ ಜನರ ನಡುವಿನಿಂದ ತುತ್ತೂರಿ ಊದುತ್ತಿದ್ದ. ಅದು ಕೇಳಿಸಿದ್ದೇ ನಾಯಕ ಮಝೋಲಾ ಅಂಗಿಯ ತೋಳುಗಳನ್ನು ಮೊಣಕೈವರೆಗೆ ಮಡಚುತ್ತಿದ್ದ. ಮುಂದಿನ ಕಾಲು ಗಂಟೆ ಎದುರಾಳಿಯ ಪಾಡು ಹೇಳತೀರದು. ‘ಗ್ರನಾತ ಕಾಲುಗಂಟೆ’ ಎಂದೇ ಅದಕ್ಕೆ ಹೆಸರು. ನಮ್ಮ ಮಾಲೀಕರು ಪಾತ್ರೆ ತೊಳೆಯುವ ಮುಂಚೆಯೂ ತೋಳು ಮಡಚಿ ನನ್ನತ್ತ ನೋಡಿ ನಗುತ್ತಿದ್ದರು. ಬಹಳ ದಿನ ನನಗದು ಅರ್ಥವಾಗಿರಲಿಲ್ಲ.

1949ರ ಮೇ 4. ಲಿಸ್ಬನ್‌ನಲ್ಲಿ ಬೆನ್ಫಿಕಾ ಜೊತೆ ಸೌಹಾರ್ದ ಪಂದ್ಯ ಆಡಿ ಮರಳುತ್ತಿದ್ದ ವಿಮಾನ ಮೋಡ ಮುಸುಕಿದ ಸಂಜೆ, ಐದು ಗಂಟೆ ದಾಟಿತ್ತಷ್ಟೆ, ಸುಪೆರ್ಗಾ ಚರ್ಚಿನ ಹಿಂಭಾಗದ ಗೋಡೆಗೆ ಅಪ್ಪಳಿಸಿತು. 31 ಮಂದಿಯೂ ಸತ್ತರು, ಅವರಲ್ಲಿ 18 ಆಟಗಾರರು. ಎರ್ಬ್‌ಸ್ಟೈನ್ ಕೂಡ. ಇಟಲಿಗೆ ಎರಡು ವಿಶ್ವಕಪ್ ಗೆದ್ದುಕೊಟ್ಟಿದ್ದ ತರಬೇತುದಾರ ವಿತ್ತೋರಿಯೊ ಪೊಜ್ಜೊ ಬೆಟ್ಟ ಹತ್ತಿ ಬಂದು, ತಾನೇ ಆಡಿಸಿದ ಹುಡುಗರ ಶವಗಳನ್ನು ಒಂದೊಂದಾಗಿ ಗುರುತಿಸಿದ. ಲೀಗ್‌ನಲ್ಲಿ ನಾಲ್ಕು ಪಂದ್ಯ ಉಳಿದಿದ್ದವು. ಟೊರಿನೊ ಕಿರಿಯರ ತಂಡವನ್ನು ಇಳಿಸಿತು, ಎದುರಾಳಿಗಳೂ ತಮ್ಮ ಕಿರಿಯರನ್ನೇ ಇಳಿಸಿದರು. ನಾಲ್ಕನ್ನೂ ಟೊರಿನೊ ಗೆದ್ದಿತು. ಮರುವರ್ಷ ಬ್ರೆಜಿಲ್ ವಿಶ್ವಕಪ್ಪಿಗೆ ಇಟಲಿಯ ತಂಡ ಹಡಗಿನಲ್ಲಿ ಹೋಯಿತು.

ಇಲ್ಲಿಗೆ ಕಥೆ ನಿಂತಿದ್ದರೆ ಅದೊಂದು ಸ್ಮಾರಕವಾಗುತ್ತಿತ್ತು, ಅಷ್ಟೆ. 1960ರ ದಶಕದಲ್ಲಿ ಜಿಜಿ ಮೆರೋನಿ ಬಂದ. ಉದ್ದ ಕೂದಲು, ತಾನೇ ವಿನ್ಯಾಸ ಮಾಡಿಕೊಂಡ ಬಟ್ಟೆ, ಕೋಳಿಗೆ ಹಗ್ಗ ಕಟ್ಟಿ ಬೀದಿಯಲ್ಲಿ ನಡೆಸಿಕೊಂಡು ಹೋದ ಖ್ಯಾತಿ. ಅಂಗಿ ಸಂಖ್ಯೆ 7. 1967ರ ಅಕ್ಟೋಬರ್ 15ರಂದು, ಪಂದ್ಯ ಗೆದ್ದ ಸಂಜೆ, ರಸ್ತೆ ದಾಟುವಾಗ ಕಾರೊಂದು ಬಡಿದು ತೀರಿಕೊಂಡ. ವಯಸ್ಸು 24. ಕಾರು ಓಡಿಸುತ್ತಿದ್ದವನು 19ರ ಹುಡುಗ, ಮೆರೋನಿಯ ಕಟ್ಟಾ ಅಭಿಮಾನಿ. 2000ದಲ್ಲಿ ಅವನೇ ಕ್ಲಬ್ಬಿನ ಅಧ್ಯಕ್ಷನಾದ. ಇನ್ನೊಂದು ಮಾತು: ಸುಪೆರ್ಗಾದಲ್ಲಿ ಬಿದ್ದ ವಿಮಾನದ ಪೈಲಟ್‌ನ ಹೆಸರೂ ಮೆರೋನಿಯೇ. ಜಿಜಿ ತೀರಿಕೊಂಡ ಒಂದು ವಾರದ ನಂತರ ಜುವೆಂಟಸ್ ಎದುರಿನ ಡರ್ಬಿಯಲ್ಲಿ ಟೊರಿನೊ 4-0ಯಿಂದ ಗೆದ್ದಿತು. ಕೊಂಬಿನ್ ಮೂರು ಹೊಡೆದ. ನಾಲ್ಕನೆಯದನ್ನು ಹೊಡೆದವನು ಅಂದು 7ನೇ ಸಂಖ್ಯೆ ತೊಟ್ಟಿದ್ದ ಕರೆಲ್ಲಿ.

ಇಂಥವನ್ನೆಲ್ಲ ಸೇರಿಸಿ ‘ಶಾಪಗ್ರಸ್ತ ಕ್ಲಬ್’ ಎಂದು ಬರೆಯುವವರು ಬಹಳ. ನನಗೆ ಆ ಮಾತು ಸೇರುವುದಿಲ್ಲ. ಶಾಪವೆಂದರೆ ಹೊಣೆ ಯಾರ ಮೇಲೂ ಇರುವುದಿಲ್ಲವಲ್ಲ. ಪುಲಿಚಿ, ಗ್ರಾತ್ಸಿಯಾನಿ ಜೋಡಿ 1976ರಲ್ಲಿ ಪ್ರಶಸ್ತಿ ತಂದಾಗ ಶಾಪ ಎಲ್ಲಿತ್ತು? ಮರುವರ್ಷ 60ಕ್ಕೆ 50 ಅಂಕ ಗಳಿಸಿಯೂ ಎರಡನೆಯ ಸ್ಥಾನವೇ ಆಯಿತು, ಏಕೆಂದರೆ ಜುವೆಂಟಸ್ 51 ಗಳಿಸಿತು. 1992ರಲ್ಲಿ ಯುರೋಪಿನ ಕ್ಲಬ್ಬುಗಳ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಅಯಾಕ್ಸ್ ಎದುರು ಚೆಂಡು ಮೂರು ಸಲ ಕಂಬಕ್ಕೆ ಬಡಿದು ಬಂದದ್ದು, ಪೆನಾಲ್ಟಿ ಸಿಗದೆ ತರಬೇತುದಾರ ಮೊಂದೊನಿಕೊ ಕುರ್ಚಿಯನ್ನು ತಲೆಯ ಮೇಲೆತ್ತಿ ಹಿಡಿದದ್ದು ದುರದೃಷ್ಟವೇ ಇರಬಹುದು. ಆದರೆ 2005ರಲ್ಲಿ ಮೇಲಿನ ದರ್ಜೆಗೆ ಬಡ್ತಿ ಗಳಿಸಿದ ಬೇಸಿಗೆಯಲ್ಲೇ ಕ್ಲಬ್ ದಿವಾಳಿಯಾದದ್ದು ಸಾಲದಿಂದ, ದೈವದಿಂದಲ್ಲ. ನೆನಪಿನ ಮೇಲೆಯೇ ಬದುಕುವ ಈ ಕ್ಲಬ್ಬಿಗೆ ತನ್ನ ಫಿಲದೆಲ್ಫಿಯಾವನ್ನು ಉಳಿಸಿಕೊಳ್ಳಲೂ ಆಗಲಿಲ್ಲ. 1990ರ ದಶಕದ ಕೊನೆಗೆ ಅದನ್ನು ಕೆಡವಿದರು. ಆ ಜಾಗದಲ್ಲಿ ಸುಮಾರು ಇಪ್ಪತ್ತು ವರ್ಷ ಹುಲ್ಲು ಬೆಳೆಯಿತು. ಅಭ್ಯಾಸದ ಅಂಗಳವಾಗಿ ಮತ್ತೆ ತೆರೆದದ್ದು 2017ರಲ್ಲಿ. ಈ ವಿಷಯ ಎತ್ತಿದರೆ ಮಾಲೀಕರು ಎದ್ದು ಒಳಗೆ ಹೋಗುತ್ತಿದ್ದರು.

ಹಾಗಾದರೆ ಅಭಿಮಾನಿಗಳಿಗೆ ಸಿಗುವುದೇನು? ನಾನು ಕಂಡಂತೆ, ಒಂದು ಹಾಜರಿ ಪುಸ್ತಕ. ಪ್ರತಿ ವರ್ಷ ಮೇ 4ರಂದು ತಂಡ ಸುಪೆರ್ಗಾ ಹತ್ತುತ್ತದೆ, ಆಗಿನ ನಾಯಕ ಯಾರೇ ಇರಲಿ, ಯಾವ ದೇಶದವನೇ ಆಗಿರಲಿ, ಗೋಡೆಯ ಮುಂದೆ ನಿಂತು ಮಡಿದವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾನೆ. ಆ ಋತುವಿನಲ್ಲಿ ತಂಡ ಹತ್ತನೆಯದೋ ಹದಿನೇಳನೆಯದೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಜುವೆಂಟಸ್ಸಿಗೆ ಹಾರಿದರೆ ಪ್ರಶಸ್ತಿ ಸಿಗುತ್ತದೆ, ನಿಜ. ಆದರೆ ಹೆಸರು ಕೂಗುವಾಗ ಓಗೊಡಲು ಒಬ್ಬರು ಕಡಿಮೆಯಾಗುತ್ತಾರೆ.

ಎಂದಾದರೂ ಟ್ಯೂರಿನ್ನಿಗೆ ಹೋದರೆ ನೀವೇ ನೋಡಿ. ನಾನು ಹೋದದ್ದು ಸಾಸ್ಸಿ ನಿಲ್ದಾಣದಿಂದ, ಹಲ್ಲುಹಳಿಯ ಮೇಲೆ ತೆವಳುವ ಹಳೆಯ ಟ್ರಾಮ್‌ನಲ್ಲಿ. ಪ್ರವಾಸಿಗಳೆಲ್ಲ ಚರ್ಚಿನ ಮುಂಭಾಗಕ್ಕೆ ಹೋಗುತ್ತಾರೆ, ಸವೋಯ್ ರಾಜರ ಗೋರಿಗಳನ್ನು ನೋಡಲು ಟಿಕೆಟ್ ಕೊಳ್ಳುತ್ತಾರೆ. ನೀವು ಕಟ್ಟಡವನ್ನು ಬಳಸಿ ಹಿಂದಕ್ಕೆ ಹೋಗಿ. ಫಲಕದ ಕೆಳಗೆ ಯಾವ್ಯಾವುದೋ ದೇಶಗಳ ಕ್ಲಬ್ಬುಗಳ ಶಾಲುಗಳನ್ನು ಕಟ್ಟಿರುತ್ತಾರೆ. ನಾನು ಹೋದ ದಿನ ಮಳೆ ಬಿದ್ದು ಅವೆಲ್ಲ ತೊಯ್ದಿದ್ದವು. ಒಬ್ಬ ಹೆಂಗಸು ಒಂದೊಂದನ್ನೇ ಬಿಚ್ಚಿ, ನೀರು ಹಿಂಡಿ, ಮತ್ತೆ ಅದೇ ಜಾಗಕ್ಕೆ ಕಟ್ಟುತ್ತಿದ್ದಳು.