ಪಾಲಿಸಿಯನ್ನು ಕನ್ನಡದಲ್ಲಿ ಕೇಳಿ, ಮೇಷ್ಟ್ರೇ

ತಿಪಟೂರಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ: ‘ಒಂಬತ್ತು ವರ್ಷದಿಂದ ಆರೋಗ್ಯ ವಿಮೆಯ ಕಂತು ಒಮ್ಮೆಯೂ ತಪ್ಪಿಸಿಲ್ಲ. ಈ ಸಲ ಹೆಂಡತಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಬಿಲ್ಲು 1 ಲಕ್ಷ 80 ಸಾವಿರ, ಬಂದದ್ದು 1 ಲಕ್ಷ 20 ಸಾವಿರ. ದಿನಕ್ಕೆ 3 ಸಾವಿರದ ರೂಮು ತೆಗೆದುಕೊಳ್ಳಬೇಕಿತ್ತಂತೆ, ನಾವು 6 ಸಾವಿರದ್ದು ತೆಗೆದುಕೊಂಡೆವಂತೆ. ಐದು ದಿನಕ್ಕೆ ಹೆಚ್ಚಾದದ್ದು 15 ಸಾವಿರ, ಹಿಡಿದದ್ದು 60 ಸಾವಿರ. ಇದು ಯಾವ ಲೆಕ್ಕ? ಇನ್ನು ಕಂತು ಕಟ್ಟುವುದಿಲ್ಲ.’

ಮೇಷ್ಟ್ರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕಂಪನಿಯವರಿಗೂ ಅವರದೇ ಕಷ್ಟಗಳಿವೆ. ಸುಳ್ಳು ಬಿಲ್ಲು ತರುವವರಿದ್ದಾರೆ, ಮಿತಿ ಇಲ್ಲದಿದ್ದರೆ ಕಂತು ಏರುತ್ತದೆ. ಒಪ್ಪೋಣ. ಆದರೆ ನಿಮ್ಮ ಸಿಟ್ಟು ನ್ಯಾಯವಾದದ್ದು.

ಮೊದಲು ಲೆಕ್ಕ. ರೂಮು ದೊಡ್ಡದಾದರೆ ಎಷ್ಟೋ ಆಸ್ಪತ್ರೆಗಳಲ್ಲಿ ಸರ್ಜನ್ ಫೀಸು, ಥಿಯೇಟರ್ ಬಾಡಿಗೆ, ನರ್ಸಿಂಗ್ ಎಲ್ಲವೂ ಏರುತ್ತವೆ. ಮಿತಿ 3 ಸಾವಿರ, ರೂಮು 6 ಸಾವಿರ ಅಂದರೆ ಅರ್ಧ. ಹಾಗಾಗಿ ಆ ಖರ್ಚುಗಳಲ್ಲೂ ಅರ್ಧ ಕಡಿತ. ಔಷಧಿ, ಪರೀಕ್ಷೆಗಳಲ್ಲಿ ಹೀಗೆ ಕಡಿಯುವಂತಿಲ್ಲ. ಐಸಿಯು ಖರ್ಚಿನಲ್ಲೂ ಕಡಿಯುವಂತಿಲ್ಲ. ಇನ್ನೊಂದು ಮಾತಿದೆ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ರೂಮು ಯಾವುದಾದರೂ ಒಂದೇ ದರ ಹಾಕುವ ಆಸ್ಪತ್ರೆಯಾಗಿದ್ದರೆ ಈ ಕಡಿತವೇ ಸಲ್ಲದು. ಆಸ್ಪತ್ರೆಗೆ ಹೋಗಿ, ಅವರ ದರಪಟ್ಟಿ ಕೇಳಿ. ಒಂದೇ ದರವಾಗಿದ್ದರೆ ಕಂಪನಿಗೆ ದೂರು ಬರೆಯಿರಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.

ಈಗ ಸ್ವಲ್ಪ ಬೈಯುತ್ತೇನೆ, ಬೇಸರ ಮಾಡ್ಕೋಬೇಡಿ. ನಮ್ಮ ಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಕಾರ್ಡು ಬರೆಯುವವರು ನೀವು. ಆ ಪಾಲಿಸಿಯನ್ನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಓದಲಿಲ್ಲವೇ? ಓದಿರಲಾರಿರಿ. ಯಾಕೆಂದರೆ ಅದು ಓದುವಂತಿಲ್ಲ. ಸಾಸಿವೆ ಗಾತ್ರದ ಅಕ್ಷರ, ವಕೀಲರ ಇಂಗ್ಲಿಷ್. ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ಮನುಷ್ಯ ತನ್ನದೇ ಸಹಿಯ ಕಾಗದದ ಮುಂದೆ ಅನಕ್ಷರಸ್ಥನಾಗಿ ಕೂರಬೇಕಾಯಿತಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಹೆಣ್ಣುಮಗಳ ಗಂಡ ಎರಡು ವರ್ಷದ ಹಿಂದೆ ಸ್ಕೂಟರ್ ಅಪಘಾತದಲ್ಲಿ ತೀರಿಕೊಂಡ. ಏಳು ತಿಂಗಳಾದ ಮೇಲೆ ಖಾತೆ ಮುಚ್ಚಿಸಲು ಪಾಸ್‌ಬುಕ್ ಹಿಡಿದು ಬಂದಳು. ತಿರುವಿ ನೋಡಿದೆ. ವರ್ಷಕ್ಕೊಮ್ಮೆ 20 ರೂಪಾಯಿ ಹೋಗಿದೆ, ಪಕ್ಕದಲ್ಲಿ ಇಂಗ್ಲಿಷಿನ ಐದು ಅಕ್ಷರ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಅವಳಿಗೆ ಗೊತ್ತೇ ಇರಲಿಲ್ಲ. ಬ್ಯಾಂಕಿನವರೂ ಹೇಳಲಿಲ್ಲ. ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿ ಹಿಡಿದು ಓಡಾಡಿ, ಅಂತೂ ಹಣ ಬಂತು. ಆ ಐದು ಅಕ್ಷರದ ಜಾಗದಲ್ಲಿ ‘ಅಪಘಾತ ವಿಮೆ’ ಎಂದು ಅಚ್ಚಾಗಿದ್ದರೆ ಅವಳು ಏಳು ತಿಂಗಳು ಸಾಲದಲ್ಲಿ ಬದುಕಬೇಕಿರಲಿಲ್ಲ.

ನಮ್ಮವರಿಗೆ ವಿಮೆ ಅರ್ಥವಾಗುವುದಿಲ್ಲ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ಜೀವವಿಮೆ ತಂದಿತ್ತು. ಇವತ್ತಿನ ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಅದೇ, ನಿಮ್ಮ ಸಂಬಳದಲ್ಲೂ ಅದಕ್ಕೆ ಮುರಿದಿರುತ್ತಾರೆ ಅಲ್ವಾ? 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಆರೋಗ್ಯ ಯೋಜನೆ ಬಂದಾಗ ಲಕ್ಷಾಂತರ ರೈತರು ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ಸೇರಿದರು. ಯಾಕೆ? ಸೊಸೈಟಿಯ ಕಾರ್ಯದರ್ಶಿ ಊರ ಕಟ್ಟೆ ಮೇಲೆ ಕೂತು, ಏನು ಸಿಗುತ್ತೆ, ಏನು ಸಿಗಲ್ಲ ಅಂತ ನಮ್ಮ ಮಾತಿನಲ್ಲಿ ಹೇಳಿದ. ಕಷ್ಟಕ್ಕೆ ಹತ್ತು ಮನೆಯವರು ಸೇರಿ ಕೊಡುವುದು, ಇವತ್ತು ನಿನಗೆ ನಾಳೆ ನನಗೆ. ಮುಯ್ಯಾಳು ಕಂಡ ಊರಿಗೆ ಇದನ್ನು ಬೇರೆ ಕಲಿಸಬೇಕೇ?

ಇದು ವಿಮೆಯೊಂದರ ಕಥೆಯೂ ಅಲ್ಲ. ಆಪರೇಷನ್ನಿಗೆ ಮುಂಚೆ ಒಪ್ಪಿಗೆ ಕಾಗದ ಇಂಗ್ಲಿಷಿನಲ್ಲಿ. ಮಾತ್ರೆಯ ಚೀಟಿ ಇಂಗ್ಲಿಷಿನಲ್ಲಿ. ಬ್ಯಾಂಕಿನ ಸಾಲಪತ್ರ ಇಂಗ್ಲಿಷಿನಲ್ಲಿ. ಜಾಹೀರಾತು ಮಾತ್ರ ಅಚ್ಚಗನ್ನಡದಲ್ಲಿ! ನವೆಂಬರ್‌ನಲ್ಲಿ ಬಾವುಟ ಹಾರಿಸುವ ನಾವು ಸಹಿ ಹಾಕುವ ಹೊತ್ತಿಗೆ ಸುಮ್ನೆ ತಲೆ ಬಗ್ಗಿಸುತ್ತೇವೆ. ಇಂಗ್ಲಿಷ್ ಬರುವುದಿಲ್ಲ ಅಂತ ಹೇಳಲು ನಾಚಿಕೆ.

ಮೇಷ್ಟ್ರೇ, ನಿಯಮ ನಿಮ್ಮ ಪರವಾಗಿದೆ. 2024ರ ಜನವರಿಯಿಂದ ಪ್ರತಿ ಆರೋಗ್ಯ ಪಾಲಿಸಿಯ ಜತೆ ಗ್ರಾಹಕರ ಮಾಹಿತಿ ಹಾಳೆ ಕೊಡಲೇಬೇಕು. ಮಿತಿ ಏನು, ಯಾವುದಕ್ಕೆ ಹಣವಿಲ್ಲ, ದೂರು ಎಲ್ಲಿ, ಎಲ್ಲ ಅದರಲ್ಲಿರಬೇಕು. ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ‘ಕೇಳಿದರೆ’ ಅನ್ನುವುದರಲ್ಲೇ ಇದೆ ನೋಡಿ. ನಾನು ಕೇಳಿದಾಗ ನನ್ನ ಏಜೆಂಟ್ ಹುಡುಗ, ‘ಸಾರ್, ಇದುವರೆಗೆ ಯಾರೂ ಕೇಳಿಲ್ಲ’ ಅಂದ.

ಕಂತು ನಿಲ್ಲಿಸಬೇಡಿ. ಈ ವಯಸ್ಸಿನಲ್ಲಿ ಹೊಸ ಪಾಲಿಸಿ ಮಾಡಿಸಿದರೆ ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಈ ಕಂಪನಿ ಬೇಡವಾದರೆ ನವೀಕರಣಕ್ಕೆ 45 ದಿನ ಮೊದಲೇ ಬೇರೆ ಕಂಪನಿಗೆ ಬದಲಾಯಿಸಲು ಅರ್ಜಿ ಹಾಕಿ, ಕಾದ ವರ್ಷಗಳು ಲೆಕ್ಕದಲ್ಲಿ ಉಳಿಯುತ್ತವೆ. ಏನೇ ಮಾಡಿದರೂ ಆ ಹಾಳೆಯನ್ನು ಕನ್ನಡದಲ್ಲಿ ಕೇಳಿ, ಬರವಣಿಗೆಯಲ್ಲಿ ಕೇಳಿ. ಬಂದರೆ ಒಂದು ನಕಲು ನಮಗೂ ಕಳಿಸಿ. ಬರದಿದ್ದರೆ ಅವರ ಉತ್ತರ ಕಳಿಸಿ. ಎರಡರಲ್ಲಿ ಯಾವುದು ಬಂದರೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

— ಸಂಪಾದಕ