ಓದುಗರ ಪ್ರಶ್ನೆ: ಸಣ್ಣ ಪಾತ್ರದ ಮುತ್ತುರಾಜ

ಪ್ರಶ್ನೆ: ನನ್ನ ಮಗ ನಾಟಕ ತಂಡ ಸೇರಿ ಮೂರು ವರ್ಷವಾಯಿತು. ಇನ್ನೂ ದ್ವಾರಪಾಲಕ, ಸೈನಿಕ, ಇಂಥ ಪಾತ್ರಗಳೇ. ಕೇಳಿದರೆ ‘ರಾಜ್‌ಕುಮಾರ್ ಕೂಡ ಹೀಗೇ ಶುರು ಮಾಡಿದ್ದು’ ಅನ್ನುತ್ತಾನೆ. ನಿಜವಾ? ಶಾಲೆ ಬಿಟ್ಟ ಹುಡುಗ ಅಷ್ಟು ಚೆಂದದ ಕನ್ನಡ ಕಲಿತದ್ದು ಹೇಗೆ?
– ಒಬ್ಬ ತಾಯಿ, ತಿಪಟೂರು

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ, ತಾಯಿ. ಆಗ ಅವರ ಹೆಸರು ಮುತ್ತುರಾಜ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ರಂಗನಟರು. ಕಂಸ, ರಾವಣ, ಹಿರಣ್ಯಕಶಿಪು ಪಾತ್ರಗಳಿಗೆ ಹೆಸರಾದವರು. ಮನೆಯಲ್ಲಿ ಮಾತ್ರ ಬಡತನ. ಮಗ ಎಂಟು ವರ್ಷದವನಿದ್ದಾಗಲೇ ಶಾಲೆ ಬಿಟ್ಟು, ತಂದೆಯ ಜೊತೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ.

ನಾನು ಬಹಳ ಕಾಲ ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವನು. ಹಾಗಾಗಿ ಕಂಪನಿಯ ಹುಡುಗರ ಪಾಡು ಹತ್ತಿರದಿಂದ ಗೊತ್ತು. ಒಂದೂರಿನಲ್ಲಿ ಕ್ಯಾಂಪ್ ಮುಗಿದರೆ ಪರದೆ, ಪೆಟ್ಟಿಗೆ ಕಟ್ಟಿಕೊಂಡು ಇನ್ನೊಂದೂರು. ರಾತ್ರಿಯೆಲ್ಲಾ ನಾಟಕ, ಹಗಲು ತಾಲೀಮು. ಊಟ ಕಂಪನಿ ಮನೆಯಲ್ಲೇ, ಎಲ್ಲರ ಜೊತೆ ಪಂಕ್ತಿಯಲ್ಲಿ. ಹುಡುಗನ ಪಾಲಿಗೆ ಎರಡು ಸಾಲಿನ ಮಾತು ಬಂದರೆ ಅದೇ ಹಬ್ಬ. ಉಳಿದ ಹೊತ್ತೆಲ್ಲಾ ಸೈಡ್‌ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ನಿಂತು ದೊಡ್ಡವರ ಮಾತು ಕೇಳುವುದು. ದಿನಾ ಅದೇ ನಾಟಕ, ಅದೇ ಮಾತು. ಯಾವ ಅಕ್ಷರದ ಮೇಲೆ ಒತ್ತು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದೆಲ್ಲ ಕಿವಿಯಲ್ಲೇ ಕೂರುತ್ತಿತ್ತು. ಮೈಕಿಲ್ಲದ ಕಾಲದ ನಟರಿಂದ ಬಂದ ಪಾಠ ಅದು. ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ‘ಳ’ ಕೇಳಬೇಕು, ಮಹಾಪ್ರಾಣ ಕೇಳಬೇಕು. ಜೊತೆಗೆ ಶ್ರುತಿ ತಪ್ಪದೆ ಹಾಡಬೇಕು. ಅಣ್ಣಾವ್ರ ಕನ್ನಡ ಅಲ್ಲಿಂದ ಬಂದದ್ದು. ಅದನ್ನು ದೈವದತ್ತ ಅಂತ ಹೇಳಿ ಮುಗಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಅಷ್ಟು ವರ್ಷದ ದುಡಿಮೆಯನ್ನು ಮರೆತಂತಾಗುತ್ತದೆ ಅಲ್ವಾ?

ದೊಡ್ಡ ಪಾತ್ರ ಸುಮ್ನೆ ಬರಲಿಲ್ಲ. 1942ರ ‘ಭಕ್ತ ಪ್ರಹ್ಲಾದ’ದಲ್ಲಿ ಸಣ್ಣದೊಂದು ಪಾತ್ರ. ಹತ್ತು ವರ್ಷ ಕಳೆದು 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರು! ಆಗ ವಯಸ್ಸು 23. ಮರುವರ್ಷ ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲಿದ್ದಾಗ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರ ಕಣ್ಣಿಗೆ ಬಿದ್ದರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು, ಮುತ್ತುರಾಜ ರಾಜ್‌ಕುಮಾರ್ ಆದರು. ಅದನ್ನು ನೋಡಲು ತಂದೆ ಇರಲಿಲ್ಲ. ನನಗೆ ಇದು ಇವತ್ತಿಗೂ ಸಂಕಟದ ವಿಷಯ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಅವರೇ ಹಿರಣ್ಯಕಶಿಪು ಆಗಿ ಗರ್ಜಿಸಿದಾಗ ಪುಟ್ಟಸ್ವಾಮಯ್ಯನವರು ನೆನಪಾಗಿ ನಾನು ಥಿಯೇಟರಿನಲ್ಲೇ ಅತ್ತಿದ್ದೆ.

ನಿಮ್ಮ ಮಗ ದೊಡ್ಡ ನಟ ಆಗುತ್ತಾನೆ ಅಂತ ನಾನು ಮಾತು ಕೊಡಲಾರೆ. ಆದರೆ ಒಂದು ಕೇಳಿ ನೋಡಿ: ತನ್ನ ಪಾತ್ರ ಮುಗಿದ ಮೇಲೆ ಎಲ್ಲಿರುತ್ತಾನೆ? ಸೈಡ್‌ವಿಂಗಿನಲ್ಲಿ ನಿಂತು ಬೇರೆಯವರ ಮಾತು ಕೇಳುತ್ತಿದ್ದರೆ ಇನ್ನಷ್ಟು ಕಾಲ ಬಿಡಿ. ಮೊಬೈಲ್ ಹಿಡಿದು ಹೊರಗೆ ಕೂತಿದ್ದರೆ ಆ ದ್ವಾರಪಾಲಕನ ಪಾತ್ರವೂ ಜಾಸ್ತಿಯೇ.

ಪ್ರಶ್ನೆ: ಅಣ್ಣಾವ್ರ ಗಾಜನೂರು ಶಿವಮೊಗ್ಗದ ಹತ್ತಿರ ಇರುವುದೇ?
– ಓದುಗ, ಭದ್ರಾವತಿ

ಉತ್ತರ: ಅಲ್ಲ. ನಿಮ್ಮ ಕಡೆಯದು ತುಂಗಾ ಅಣೆಕಟ್ಟೆಯ ಗಾಜನೂರು. ಅಣ್ಣಾವ್ರು ಹುಟ್ಟಿದ ಗಾಜನೂರು ಚಾಮರಾಜನಗರ ದಾಟಿದ ಮೇಲೆ, ತಾಳವಾಡಿ ಪಕ್ಕ. ಈಗ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರುತ್ತದೆ.

ಪ್ರಶ್ನೆ: ಸಿನಿಮಾ ಸಿಕ್ಕ ಮೇಲೆ ನಾಟಕ ಬಿಟ್ಟುಬಿಟ್ಟರಾ?
– ಓದುಗಿ, ಹಾವೇರಿ

ಉತ್ತರ: ಇಲ್ಲಮ್ಮ, ಅಷ್ಟು ಬೇಗ ಬಿಡಲಿಲ್ಲ. ‘ಬೇಡರ ಕಣ್ಣಪ್ಪ’ ಗೆದ್ದರೂ ಆಗ ಕನ್ನಡದಲ್ಲಿ ವರ್ಷಕ್ಕೆ ಬರುತ್ತಿದ್ದ ಚಿತ್ರಗಳೇ ಕಡಿಮೆ. ಕಲಾವಿದರ ಹೊಟ್ಟೆಪಾಡು ನಡೆಯಬೇಕಲ್ಲ? ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿದರು. ಊರೂರು ಸುತ್ತಿ ನಾಟಕ ಆಡಿದರು. 1960ರ ‘ರಣಧೀರ ಕಂಠೀರವ’ ತೆಗೆದದ್ದು ಇದೇ ಗೆಳೆಯರ ಸಂಘ.